ಏಳು ಮನೆ, 14 ಮಕ್ಕಳು, ಒಂದು ಗೇಮ್ ರೂಮು: ಹೋಮ್‌ಸ್ಕೂಲ್ ಕೋ-ಆಪ್‌ಗೆ ಫೈರ್ ಕೋಡ್ ಅನ್ವಯಿಸುತ್ತಾ?

ಡಲ್ಲಾಸ್_ಗೌರಿ
ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನ ಉತ್ತರ ಭಾಗದಲ್ಲಿ ಏಳು ಕನ್ನಡ ಕುಟುಂಬ ಸೇರಿ ಹೋಮ್‌ಸ್ಕೂಲ್ ಕೋ-ಆಪ್ (ಶಾಲೆಗೆ ಕಳಿಸದೆ ಮಕ್ಕಳಿಗೆ ನಾವೇ ಒಟ್ಟಿಗೆ ಪಾಠ ಹೇಳೋ ಗುಂಪು) ಶುರು ಮಾಡ್ತಿದೀವಿ. 14 ಮಕ್ಕಳು, 6ರಿಂದ 13 ವರ್ಷದವರು. ಮಂಗಳವಾರ, ಗುರುವಾರ ಬೆಳಿಗ್ಗೆ 9:30ರಿಂದ ಮಧ್ಯಾಹ್ನ 2:30. ಗಣಿತ, ವಿಜ್ಞಾನ, ಕನ್ನಡ. ಯಾವಾಗ್ಲೂ ಮೂರು ಜನ ದೊಡ್ಡೋರು ಇರ್ತಾರೆ. ಜಾಗ ಎರಡು ನೋಡಿಟ್ಟಿದೀವಿ: ಒಬ್ಬರ ಮನೆ ಮಹಡಿ ಮೇಲಿನ ಗೇಮ್ ರೂಮು (ಸುಮಾರು 400 ಚದರ ಅಡಿ), ಇಲ್ಲಾ ಹತ್ತಿರದ ಚರ್ಚ್‌ನ ಸಂಡೇ ಸ್ಕೂಲ್ ಕೋಣೆ.

ಗುಂಪಲ್ಲಿ ಅರ್ಧ ಜನ "2021ರ ಕಾನೂನು ಬಂದ್ಮೇಲೆ ಟೆಕ್ಸಾಸ್‌ನಲ್ಲಿ ಯಾರೂ ಏನೂ ಕೇಳೋ ಹಾಗಿಲ್ಲ" ಅಂತಾರೆ. ಉಳಿದರ್ಧ "ಆರು ಮಕ್ಕಳು ಸೇರಿದ್ರೆ ಅದು ಸ್ಕೂಲೇ" ಅಂತಾರೆ. ಯಾವುದು ಸರಿ?

ಹುಬ್ಬಳ್ಳಿ_ಹಮ್ಮೀರ
ಅಲ್ರೀ ಅಕ್ಕಾರ, ನಮ್ಮ ಮನ್ಯಾಗ ನಮ್ಮ ಹುಡುಗ್ರಿಗೆ ಓದಸಾಕ ಯಾರ ಪರವಾನಗಿ ಬೇಕ್ರಿ? 1994ರಾಗ ಲೀಪರ್ ಕೇಸ್‌ನ್ಯಾಗ ಟೆಕ್ಸಾಸ್ ಸುಪ್ರೀಂ ಕೋರ್ಟೇ ಹೇಳೇತಿ, ಹೋಮ್‌ಸ್ಕೂಲ್ ಅಂದ್ರ ಖಾಸಗಿ ಶಾಲೆ ಇದ್ದಂಗ ಅಂತ. ಮುಗೀತು.

ನಕ್ಷೆಗಾರ
ಹಮ್ಮೀರ ಅವರೇ, ಖಾಸಗಿ ಶಾಲೆ ಅಂದ್ರೂ ಅದು ಶಾಲೆಯೇ ತಾನೇ? ಆ ತೀರ್ಪು ಕಡ್ಡಾಯ ಹಾಜರಾತಿ ಬಗ್ಗೆ. ಕಟ್ಟಡದ ಬಗ್ಗೆ ಅದರಲ್ಲಿ ಏನೂ ಇಲ್ಲ.

ಗೌರಿ ಅವರೇ, ಇಲ್ಲಿ ಮೂರು ಬೇರೆ ಬೇರೆ ವಿಷಯ ಕಲಸುಮೇಲೋಗರ ಆಗಿದೆ. ಒಂದು ಜೋನಿಂಗ್: ಆ ಜಾಗದಲ್ಲಿ ಪಾಠ ಹೇಳಬಹುದಾ ಅನ್ನೋದು. ಎರಡನೇದು ಬಿಲ್ಡಿಂಗ್ ಕೋಡ್: ಕಟ್ಟಡ ಯಾವ ಬಳಕೆಗೆ ಕಟ್ಟಿದ್ದು ಅನ್ನೋದು. ಮೂರನೇದು ಫೈರ್ ಕೋಡ್: ಇವತ್ತು ಅದನ್ನ ಹೇಗೆ ಬಳಸ್ತಿದೀರಿ ಅನ್ನೋದು. ರಾಜ್ಯದ ಕಾನೂನು ಒಂದಕ್ಕೆ ವಿನಾಯಿತಿ ಕೊಟ್ಟರೆ ಮೂರಕ್ಕೂ ಸಿಕ್ಕಿತು ಅಂತ ವಾಟ್ಸಾಪಲ್ಲಿ ಹಬ್ಬಿಸಿಬಿಡ್ತಾರೆ.

"ಆರು" ಅನ್ನೋದು ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನದ್ದು, ಅಂದ್ರೆ ಐಬಿಸಿ. ಒಂದೇ ಹೊತ್ತಿಗೆ ಆರು ಅಥವಾ ಹೆಚ್ಚು ಜನ 12ನೇ ತರಗತಿವರೆಗಿನ ಓದಿಗೆ ಸೇರಿದ್ರೆ ಆ ಜಾಗ ಗ್ರೂಪ್ ಇ, ಅಂದ್ರೆ ಶಾಲೆ ಅನ್ನೋ ವರ್ಗ. ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಅಂತ ಅದು ಕೇಳೋದೇ ಇಲ್ಲ.

ಗಂಟೆ_ಗೋಪಾಲ
ಗಂಟೆ ಲೆಕ್ಕ ಇದೆ ಸಾರ್. ಎನ್‌ಎಫ್‌ಪಿಎ 101 (ಬೆಂಕಿ ಸುರಕ್ಷತೆಯ ಇನ್ನೊಂದು ಕೋಡ್ ಪುಸ್ತಕ) ನೋಡಿ, 12 ಗಂಟೆ ದಾಟಿದ್ರೆ ಮಾತ್ರ ಎಜುಕೇಷನಲ್, ಅಂದ್ರೆ ಶಾಲೆ. ಇವರದ್ದು ವಾರಕ್ಕೆ 10 ಗಂಟೆ. ಬಚಾವ್.

ಫೈರ್_ಪ್ಲಗ್
ಗೋಪಾಲ್, ಅರ್ಧ ವಾಕ್ಯ ಓದಿ ಬಿಟ್ಟಿದೀರ. ಆರು ಅಥವಾ ಹೆಚ್ಚು ಜನ, ದಿನಕ್ಕೆ ನಾಲ್ಕು ಗಂಟೆ ಅಥವಾ ಹೆಚ್ಚು, *ಇಲ್ಲವೇ* ವಾರಕ್ಕೆ 12 ಗಂಟೆಗಿಂತ ಹೆಚ್ಚು. ಎರಡರಲ್ಲಿ ಯಾವುದಾದ್ರೂ ಒಂದು ತಾಕಿದ್ರೆ ಸಾಕು. 9:30ರಿಂದ 2:30 ಅಂದ್ರೆ ದಿನಕ್ಕೆ ಐದು ಗಂಟೆ. ಮೊದಲ ದಿನವೇ ಸಿಕ್ಕಿಬಿದ್ದಿರಿ.

ಅದೇ 10 ಗಂಟೆಯನ್ನ ಮೂರು ದಿನಕ್ಕೆ ಹಂಚಿ, 9ರಿಂದ 12:20 ಮಾಡಿ. ದಿನಕ್ಕೆ 3 ಗಂಟೆ 20 ನಿಮಿಷ, ವಾರಕ್ಕೆ 10 ಗಂಟೆ. ಎನ್‌ಎಫ್‌ಪಿಎ 101ರ ಎಜುಕೇಷನಲ್ ಪಟ್ಟಿಯಿಂದ ಹೊರಗೆ. ಊಟದ ತಲೆನೋವೂ ಇಲ್ಲ.

ಆದ್ರೆ ನಿಮ್ಮ ಸಿಟಿ ಯಾವ ಪುಸ್ತಕ ಹಿಡಿದಿದೆ ಅನ್ನೋದು ಮೊದಲು ತಿಳೀಬೇಕು. ಟೆಕ್ಸಾಸ್‌ನ ರಾಜ್ಯ ಫೈರ್ ಮಾರ್ಷಲ್ (ಬೆಂಕಿ ಸುರಕ್ಷತೆ ಅಧಿಕಾರಿ) ಕಚೇರಿ ಎನ್‌ಎಫ್‌ಪಿಎ ನೋಡುತ್ತೆ. ಡಲ್ಲಾಸ್ ಸುತ್ತಲಿನ ಸಿಟಿಗಳು ಸಾಮಾನ್ಯವಾಗಿ ಐಬಿಸಿ, ಅದರ ಜೊತೆಗಿನ ಫೈರ್ ಕೋಡ್ ಐಎಫ್‌ಸಿ, ಈ ಜೋಡಿ ಹಿಡಿದಿರ್ತವೆ, ಅದರ ಮೇಲೆ ತಮ್ಮದೇ ತಿದ್ದುಪಡಿ. ಐಬಿಸಿ ಎದುರು ಈ ಗಂಟೆ ಲೆಕ್ಕ ನಡೆಯಲ್ಲ.

ಡಲ್ಲಾಸ್_ಗೌರಿ
ಅಯ್ಯೋ. ಹಾಗಾದ್ರೆ 2021ರ ಕಾನೂನಿಗೆ ಅರ್ಥವೇ ಇಲ್ವಾ?

ಫೈರ್_ಪ್ಲಗ್
ಇದೆ. ಎಸ್‌ಬಿ 1955, ಲರ್ನಿಂಗ್ ಪಾಡ್ ಕಾನೂನು. ಅಪ್ಪ-ಅಮ್ಮಂದಿರು ತಾವಾಗೇ ಸೇರಿ ಮಕ್ಕಳನ್ನ ಒಟ್ಟಿಗೆ ಓದಿಸಿದ್ರೆ ಅದು ಪಾಡ್, ಫೀಸ್ ತಗೊಂಡ್ರೂ ಪಾಡೇ. ಸ್ಕೂಲ್ ಕ್ಯಾಂಪಸ್‌ಗೆ, ಡೇಕೇರ್‌ಗೆ ಅಂತ ಸ್ಥಳೀಯ ಸಂಸ್ಥೆ ಮಾಡಿರೋ ನಿಯಮಗಳಿಂದ ಅದಕ್ಕೆ ವಿನಾಯಿತಿ. ಇಷ್ಟು ಮಕ್ಕಳಿಗೆ ಇಷ್ಟು ಟೀಚರ್, ಟೀಚರ್‌ಗೆ ಸರ್ಟಿಫಿಕೇಟ್, ಇಂಥವು.

ನಾನು ಓದಿಕೊಳ್ಳೋದು ಹೀಗೆ: ಶಾಲೆಗೆ ಮಾತ್ರ ಇರೋ ನಿಯಮ ಹೋಯ್ತು. ಶಾಲೆಗೂ ಹೋಟೆಲ್‌ಗೂ ಆಫೀಸಿಗೂ ಒಂದೇ ಥರ ಇರೋ ನಿಯಮ, ಅಂದ್ರೆ ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆಗೀಬೇಕು, ಹೊರಹೋಗೋ ದಾರೀಲಿ ಸಾಮಾನು ಇಡಬಾರದು, ಇಂಥವು ಎಲ್ಲೂ ಹೋಗಿಲ್ಲ. ಅವು "ಸ್ಕೂಲ್ ನಿಯಮ" ಅಲ್ಲವೇ ಅಲ್ಲ.

ಹುಬ್ಬಳ್ಳಿ_ಹಮ್ಮೀರ
ಇದು ನಿಮ್ಮ ವ್ಯಾಖ್ಯಾನ. ಇನ್ನೊಬ್ಬ ವಕೀಲ ಇನ್ನೊಂದು ಹೇಳ್ತಾನ. ಕಾನೂನು ಮಾಡಿದ್ದ ಉದ್ದೇಶನ ಸಣ್ಣ ಗುಂಪುಗಳ ಬೆನ್ನ ಬೀಳಬ್ಯಾಡ್ರಿ ಅಂತ.

ನಕ್ಷೆಗಾರ
ಸರಿ, ವಕೀಲರ ವಾದ ಪಕ್ಕಕ್ಕಿಡೋಣ. ಗೇಮ್ ರೂಮಿನ ಲೆಕ್ಕ ಮಾಡೋಣ.

ಕ್ಲಾಸ್‌ರೂಮಿಗೆ ತಲೆಗೆ 20 ಚದರ ಅಡಿ, ಅದೂ ನೆಟ್. ಕಪಾಟು, ಸೋಫಾ ಕಳೆದು ಉಳಿಯೋ ಜಾಗ. 17 ಜನಕ್ಕೆ 340. 400ರ ಕೋಣೇಲಿ ಬಿಲಿಯರ್ಡ್ಸ್ ಟೇಬಲ್ ಇದ್ರೆ ಅದು ಸುತ್ತಲಿನ ಓಡಾಟ ಸೇರಿ ಆರಾಮಾಗಿ 100 ಚದರ ಅಡಿ ತಿನ್ನುತ್ತೆ. ಟೇಬಲ್ ಆಚೆ ಹೋದ್ರೆ ಜಾಗ ಸಾಕು.

ಜಾಗ ಅಲ್ಲ ಸಮಸ್ಯೆ, ಮೆಟ್ಟಿಲು. ಐಬಿಸಿ ಪ್ರಕಾರ ಗ್ರೂಪ್ ಇ ಬಳಕೆಗೆ ಒಂದೇ ಹೊರದಾರಿ ಸಾಕಾಗೋದು ನೆಲಮಹಡೀಲಿ ಮಾತ್ರ, ಅದೂ 49 ಜನರ ಒಳಗೆ ಮತ್ತು ನಡೆಯೋ ದೂರ 75 ಅಡಿ ಒಳಗಿದ್ರೆ. ಮೇಲ್ಮಹಡಿಗೆ ಒಂದೇ ಮೆಟ್ಟಿಲು ಅಂದ್ರೆ ಆಗೋದೇ ಇಲ್ಲ, 17 ಜನ ಆಗ್ಲಿ 7 ಜನ ಆಗ್ಲಿ. ಎನ್‌ಎಫ್‌ಪಿಎ 101 ಇನ್ನೂ ಬಿಗಿ: ಒಂದನೇ ತರಗತಿವರೆಗಿನ ಮಕ್ಕಳ ಕೋಣೆ ನೇರ ಹೊರಗೆ ಹೋಗೋ ಮಟ್ಟದಲ್ಲೇ ಇರಬೇಕು. ನಿಮ್ಮಲ್ಲಿ 6 ವರ್ಷದವರು ಇದಾರೆ.

ಟೆಕ್ಸಾಸ್‌ನ ಈ ಮಾದರಿ ಮನೆಗಳಲ್ಲಿ ಮೆಟ್ಟಿಲು ಸೀದಾ ಲಿವಿಂಗ್ ರೂಮಿಗೆ ತೆರೆದುಕೊಂಡಿರುತ್ತೆ, ಅಡುಗೆಮನೆ ಅಲ್ಲೇ ಪಕ್ಕ. ಒಲೆ ಹೊತ್ತಿಕೊಂಡ್ರೆ ಆ ಮೆಟ್ಟಿಲೇ ಚಿಮಣಿ.

ಫೈರ್_ಪ್ಲಗ್
ಚಿಮಣಿ ಅನ್ನೋದು ಸುಮ್ಮನೆ ಮಾತಲ್ಲ. 1958ರ ಡಿಸೆಂಬರ್ 1, ಶಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆ. ಬೆಂಕಿ ಹುಟ್ಟಿದ್ದು ಕೆಳಗೆ ಮೆಟ್ಟಿಲ ಬುಡದಲ್ಲಿ. ಮೊದಲ ಮಹಡಿಯ ಫೈರ್ ಡೋರ್ ಮುಚ್ಚಿತ್ತು, ಅಲ್ಲಿದ್ದೋರು ಉಳಿದ್ರು. ಅದರ ಮೇಲಿನ ಮಹಡಿಗೆ ಬಾಗಿಲೇ ಇರಲಿಲ್ಲ, ಹೊಗೆ ಪೂರ್ತಿ ಅಲ್ಲಿಗೇ ಏರಿತು. 92 ಮಕ್ಕಳು, 3 ಸನ್ಯಾಸಿನಿಯರು.

ಡಲ್ಲಾಸ್_ಗೌರಿ
ಗೇಮ್ ರೂಮ್ ಕ್ಯಾನ್ಸಲ್. ಅದೇ ಮನೆಯ ಕೆಳಗಿನ ಲಿವಿಂಗ್ ರೂಮ್ ಆಗುತ್ತಾ?

ನಕ್ಷೆಗಾರ
ಹೊರಗೆ ಹೋಗೋ ಮಟ್ಟಿಗೆ ಚೆನ್ನಾಗಿದೆ, ಮುಂಬಾಗಿಲು ಒಂದು, ಹಿತ್ತಲ ಪ್ಯಾಟಿಯೋ ಬಾಗಿಲು ಒಂದು. ಆದ್ರೆ ಸ್ಮೋಕ್ ಅಲಾರ್ಮ್ ನೋಡಿ. ಮನೆಗಳ ಕೋಡ್ ಕೇಳೋದು ಮಲಗೋ ಕೋಣೆ ಒಳಗೊಂದು, ಅದರ ಹೊರಗೊಂದು, ಮಹಡಿಗೊಂದು. ಎಲ್ಲಾ ಬೆಡ್‌ರೂಮ್ ಮೇಲೇ ಇದ್ರೆ ಕೆಳಗೆ ಇಡೀ ಮಹಡಿಗೆ ಒಂದೇ ಒಂದು ಇರಬಹುದು, ಅದೂ ಮೆಟ್ಟಿಲ ಹತ್ತಿರ. ಮಕ್ಕಳು ಕೂರೋ ಜಾಗದಲ್ಲಿ ಇನ್ನೊಂದು ಹಾಕಿ, ಒಂದು ಕೂಗಿದ್ರೆ ಎಲ್ಲಾ ಕೂಗೋ ಥರದ್ದು. ಹಳೇದನ್ನ ಇಳಿಸಿ ಹಿಂಬದಿ ತಾರೀಖು ನೋಡಿ, 10 ವರ್ಷ ಆಗಿದ್ರೆ ಬ್ಯಾಟರಿ ಬದಲಿಸಿ ಪ್ರಯೋಜನ ಇಲ್ಲ, ಪೂರ್ತಿ ಬದಲಿಸಿ.

ಜೊತೆಗೆ ಎಚ್‌ಓಎ (ಬಡಾವಣೆಯ ಮನೆಮಾಲೀಕರ ಸಂಘ) ಕರಾರು, ಮನೆ ಇನ್ಶೂರೆನ್ಸ್ ಪಾಲಿಸಿ ಎರಡನ್ನೂ ಬೇರೆಯಾಗಿ ಓದಿ. ಸಿಟಿ ಸುಮ್ಮನಿದೆ ಅಂದ ಮಾತ್ರಕ್ಕೆ ಅವರಿಬ್ಬರೂ ಸುಮ್ಮನಿರಬೇಕು ಅಂತಿಲ್ಲ.

ಅಟ್ಲಾಂಟಾ_ಅರಳೀಕಟ್ಟೆ
ಜಾರ್ಜಿಯಾದಲ್ಲೂ 2021ರಲ್ಲೇ ಲರ್ನಿಂಗ್ ಪಾಡ್ ಪ್ರೊಟೆಕ್ಷನ್ ಆಕ್ಟ್ ಬಂತು, ಎಸ್‌ಬಿ 246. ನಮ್ಮ ಕಡೆ ಗೇಮ್ ರೂಮ್ ಬದಲು ಬೇಸ್‌ಮೆಂಟ್. ಎಲ್ಲರೂ ಅಲ್ಲೇ ಕ್ಲಾಸ್ ಇಡೋದು. ನೇರ ಹೊರಗೆ ಹೋಗೋ ವಾಕ್-ಔಟ್ ಬಾಗಿಲು ಇದ್ರೆ ಚಿಂತೆ ಇಲ್ಲ, ಇಲ್ಲದ ಕಡೆ ಕಿಟಕಿ ನೋಡಬೇಕು ಅಂತಾರೆ. ಎಷ್ಟು ದೊಡ್ಡದಿರಬೇಕು ಅದು? 24 ಇಂಚು ಎತ್ತರ, 20 ಇಂಚು ಅಗಲ ಅಲ್ವಾ?

ನಕ್ಷೆಗಾರ
ಎಲ್ಲರೂ ಎಡವೋದು ಇಲ್ಲೇ. 24, 20 ಎರಡೂ ಕನಿಷ್ಠ. ಎರಡೂ ಕನಿಷ್ಠ ಇಟ್ರೆ 480 ಚದರ ಇಂಚು, ಅಂದ್ರೆ 3.33 ಚದರ ಅಡಿ. ಬೇಕಾಗಿರೋದು 5.7 ಚದರ ಅಡಿ, ಅಂದ್ರೆ ಸುಮಾರು 821 ಚದರ ಇಂಚು. ಅಗಲ 20 ಇದ್ರೆ ಎತ್ತರ 41 ಇಂಚು ದಾಟಬೇಕು. ಎತ್ತರ 24 ಇದ್ರೆ ಅಗಲ 34 ಇಂಚಿಗಿಂತ ಸ್ವಲ್ಪ ಜಾಸ್ತಿ. ಕಿಟಕಿ ನೆಲಮಟ್ಟಕ್ಕೇ ಇದ್ರೆ 5 ಚದರ ಅಡಿ ಸಾಕು.

ಇದು ಗಾಜಿನ ಅಳತೆ ಅಲ್ಲ, ತೆರೆದಾಗ ಸಿಗೋ ಖಾಲಿ ಜಾಗ. ಜಾರೋ ಕಿಟಕೀಲಿ ಅರ್ಧ ಭಾಗ ಮಾತ್ರ ತೆರೆಯೋದು, ಅಂಗಡೀಲಿ ಹೇಳೋ ಸೈಜಿನ ಅರ್ಧವೂ ಸಿಗಲ್ಲ. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚು ಮೀರಬಾರದು. ಕಿಟಕಿ ಮುಂದೆ ಹೊರಗೆ ತೋಡಿರೋ ಗುಂಡಿ 44 ಇಂಚಿಗಿಂತ ಆಳ ಇದ್ರೆ ಅದಕ್ಕೆ ಶಾಶ್ವತ ಏಣಿ. ಆಮೇಲೆ ಆ ಗುಂಡಿ ಮೇಲೆ ಎಲೆ ಬೀಳದಿರಲಿ ಅಂತ ಪ್ಲಾಸ್ಟಿಕ್ ಮುಚ್ಚಳ ಹಾಕಿ ಸ್ಕ್ರೂ ಬಿಗೀತಾರೆ. ಒಳಗಿಂದ ಆರು ವರ್ಷದ ಮಗು ಅದನ್ನ ಎತ್ತೋಕಾಗುತ್ತಾ ನೋಡಿ.

ಹಾಂ, ಇದು ಮನೆಯವರು ತಪ್ಪಿಸಿಕೊಳ್ಳೋ ಕಿಟಕಿ. ಇಪ್ಪತ್ತು ಜನರ ಎಕ್ಸಿಟ್ ಅಂತ ಇದನ್ನ ಲೆಕ್ಕಕ್ಕೆ ಹಿಡಿಯಲ್ಲ.

ರ‍್ಯಾಲಿ_ರಾಯ
ನಾರ್ತ್ ಕೆರೊಲಿನಾದೋರು ಯಾರಾದ್ರೂ ಓದ್ತಿದ್ರೆ: ನಮ್ಮಲ್ಲಿ ಹೋಮ್‌ಸ್ಕೂಲ್ ಅಂದ್ರೆ ಹೆಚ್ಚೆಂದರೆ ಎರಡು ಕುಟುಂಬ. ಮೂರನೇ ಕುಟುಂಬ ಬಂದ್ರೆ ಅದು ಹೋಮ್‌ಸ್ಕೂಲ್ ಅಲ್ಲ. ಆದ್ರೆ 2013ರ ತಿದ್ದುಪಡಿ ಆದ್ಮೇಲೆ ಹೊರಗಿನ ಪಾಠ ಸೇರಿಸಿಕೊಳ್ಳಬಹುದು, ಹಾಗಾಗಿ ಕೋ-ಆಪ್ ನಡೆಯುತ್ತೆ. ಟೆಕ್ಸಾಸ್ ನೋಡಿ ಇಲ್ಲಿ ಮಾಡಬೇಡಿ.

ಸಾಲ್ಟ್‌ಲೇಕ್_ಸೀತಾರಾಮ
ಯೂಟಾ ಈ ವಿಷಯದಲ್ಲಿ ನೇರ. 2024ರ ಎಸ್‌ಬಿ 13. ಮನೇಲಿ ನಡೆಸೋ ಮೈಕ್ರೋಸ್ಕೂಲ್ ಅಂದ್ರೆ ಪುಟ್ಟ ಶಾಲೆಗೆ 16 ಮಕ್ಕಳ ಮಿತಿ, ಹೊರಗಿನ ಕಟ್ಟಡದಲ್ಲಿ ನಡೆಸೋದಕ್ಕೆ 100. ಹೊರಗಿನದ್ದಕ್ಕೆ ಗ್ರೂಪ್ ಇ ಬೇಡ, ಗ್ರೂಪ್ ಬಿ ಅಂದ್ರೆ ಆಫೀಸ್ ಥರದ ಕಟ್ಟಡ ಸಾಕು. ಬೆಂಕಿ ವಿಷಯ ಪೂರ್ತಿ ಕೈಬಿಟ್ಟಿಲ್ಲ, ಆದ್ರೆ ಯಾವುದು ಬೇಕು ಯಾವುದು ಬೇಡ ಅಂತ ಕಾನೂನಲ್ಲೇ ಬರೆದಿಟ್ಟಿದಾರೆ. ವ್ಯಾಖ್ಯಾನದ ಜಗಳ ಕಡಿಮೆ.

ಫೈರ್_ಪ್ಲಗ್
ಫ್ಲಾರಿಡಾ 2024ರ ಎಚ್‌ಬಿ 1285 ಕೂಡ ಸ್ಪಷ್ಟ. ಖಾಸಗಿ ಶಾಲೆ ಚರ್ಚ್, ಲೈಬ್ರರಿ, ಮ್ಯೂಸಿಯಂ, ಥಿಯೇಟರ್ ಜಾಗ ಬಳಸೋಕೆ ಜೋನಿಂಗ್ ಬದಲಿಸಬೇಕಿಲ್ಲ, ಆದ್ರೆ ಫೈರ್ ಸೇಫ್ಟಿ ಪಾಲಿಸಲೇಬೇಕು. ಮೇಲೆ ನಕ್ಷೆಗಾರರು ಹೇಳಿದ ಮೂರು ವಿಷಯದಲ್ಲಿ ಒಂದನ್ನ ಮಾತ್ರ ತೆಗೆದಿರೋದು ಅಂತ ಎದ್ದು ಕಾಣುತ್ತೆ.

ಜಯನಗರ_4ನೇ_ಬ್ಲಾಕ್
ಬೆಂಗಳೂರಿಂದ ಓದ್ತಿದೀನಿ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಎಜುಕೇಷನಲ್ ಅನ್ನೋದು 20 ವಿದ್ಯಾರ್ಥಿಗಳಿಂದ ಮೇಲೆ. ನಿಮ್ಮಲ್ಲಿ ಆರಕ್ಕೇ? ಹಾಗಾದ್ರೆ ನಮ್ಮ ಬೀದಿಯ ಪ್ರತಿ ಟ್ಯೂಷನ್ ಟೀಚರ್ ಮನೆಯೂ ಸ್ಕೂಲ್ ಆಗುತ್ತೆ.

ಹುಬ್ಬಳ್ಳಿ_ಹಮ್ಮೀರ
ನೋಡ್ರಿ! ಅದನ್ನ ನಾ ಹೇಳಾಕತ್ತಿದ್ದು. ಆರು ಅಂಬೋದು ಅತಿ ಆತು.

ಫೈರ್_ಪ್ಲಗ್
20 ಇದ್ದೂ 2004ರ ಜುಲೈ 16ಕ್ಕೆ ಕುಂಭಕೋಣದಲ್ಲಿ 94 ಮಕ್ಕಳು ಹೋದ್ರಲ್ಲ ಹಮ್ಮೀರಣ್ಣ. ಅಡುಗೆಮನೆ ಬೆಂಕಿ, ಹುಲ್ಲಿನ ಮಾಡು, ಇಕ್ಕಟ್ಟಿನ ಮೆಟ್ಟಿಲು. ಅಲ್ಲಿ ಕೊಂದಿದ್ದು ಸಂಖ್ಯೆ ಎಷ್ಟು ಅಂತ ಪುಸ್ತಕದಲ್ಲಿ ಬರೆದಿದ್ದಲ್ಲ, ಮಾಡು ಮತ್ತೆ ಮೆಟ್ಟಿಲು. ಟೆಕ್ಸಾಸ್‌ಗೂ ತನ್ನದೇ ಪಾಠ ಇದೆ: 1937ರ ಮಾರ್ಚ್ 18, ನ್ಯೂ ಲಂಡನ್ ಶಾಲೆ. ನೆಲದಡಿ ಸೋರಿದ ಗ್ಯಾಸಿಗೆ ವಾಸನೆಯೇ ಇರಲಿಲ್ಲ. ಸುಮಾರು 300 ಜನ ಸತ್ತ ಮೇಲೆ ಗ್ಯಾಸಿಗೆ ವಾಸನೆ ಬೆರೆಸೋ ನಿಯಮ ಬಂತು.

ಕುಡ್ಲದ_ಕಾವಲಿ
ಎಲ್ಲ ಸರಿ ಮಾರಾಯ್ರೆ, ಮಧ್ಯಾಹ್ನ ಮಕ್ಕಳಿಗೆ ಊಟ ಎಂತ? ಚರ್ಚಿನಲ್ಲಿ ಅಡುಗೆಮನೆ ಉಂಟಲ್ಲ, ಅಲ್ಲೇ ನೀರುದೋಸೆ ಹೊಯ್ದರೆ ಆಯ್ತು.

ಗಂಟೆ_ಗೋಪಾಲ
ಅದೇ ಅನ್ಕೊಂಡೆ, ಇನ್ನೂ ಯಾಕೆ ಊಟದ ಮಾತು ಬಂದಿಲ್ಲ ಅಂತ 😄

ಫೈರ್_ಪ್ಲಗ್
ದೋಸೆ ಪರವಾಗಿಲ್ಲ ಅನ್ನಬಹುದೇನೋ, ಪೂರಿ ಬೇಡ. ಎಣ್ಣೆ ಹೊಗೆ ಬರೋ ಅಡುಗೆಗೆ ಟೈಪ್ 1 ಹುಡ್ (ಒಲೆ ಮೇಲೆ ಎಣ್ಣೆ ಹೊಗೆ ಎಳೆಯೋ ಚಿಮಣಿ) ಬೇಕು. ಎಷ್ಟೋ ಚರ್ಚ್ ಕಿಚನ್‌ಗಳಿಗೆ ಬಿಸಿ ಮಾಡಿ ಬಡಿಸೋಕೆ ಮಾತ್ರ ಅನುಮತಿ. ಒಲೆ ಇದೆ ಅಂದ ತಕ್ಷಣ ಕರೀಬಹುದು ಅಂತಲ್ಲ. ಎಣ್ಣೆ ಬೆಂಕಿಗೆ ಗೋಡೆ ಮೇಲಿನ ಬೆಂಕಿ ಆರಿಸೋ ಮಾಮೂಲಿ ಎಬಿಸಿ ಸಿಲಿಂಡರ್ ಸಾಲದು, ಅಡುಗೆ ಎಣ್ಣೆ ಬೆಂಕಿಗೇ ಇರೋ ಕ್ಲಾಸ್ ಕೆ ಬೇಕು, 30 ಅಡಿ ಒಳಗೆ.

ಕೋಣೇಲೇ ಎಲೆಕ್ಟ್ರಿಕ್ ಕಾವಲಿ ಇಡೋ ಪ್ಲಾನ್ ಇದ್ರೆ ಲೆಕ್ಕ ನೋಡಿ. 15 ಆಂಪ್ ಲೈನ್ × 120 ವೋಲ್ಟ್ = 1800 ವ್ಯಾಟ್. 1500 ವ್ಯಾಟ್ ಕಾವಲಿ, 1000 ವ್ಯಾಟ್ ಇನ್‌ಸ್ಟಂಟ್ ಪಾಟ್ ಒಟ್ಟಿಗೆ ಹಾಕಿದ್ರೆ 2500. ಬ್ರೇಕರ್ ಬೀಳುತ್ತೆ. ಆಗ ಜನ ಮಾಡೋ ಕೆಲಸ ಗೊತ್ತಲ್ಲ, ಪಕ್ಕದ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದು ಬಾಗಿಲ ಕೆಳಗೆ ತೂರಿಸಿ ಮೇಲೆ ಕಾರ್ಪೆಟ್ ಮುಚ್ಚೋದು. ತೆಳು ವೈರು ಅಲ್ಲೇ ಕಾಯುತ್ತೆ, ಯಾರಿಗೂ ಕಾಣಲ್ಲ. ಬೇರೆ ಬೇರೆ ಸರ್ಕ್ಯೂಟ್ ಯಾವುದು ಅಂತ ಚರ್ಚ್‌ನೋರನ್ನ ಕೇಳಿ, ಉಪಕರಣವನ್ನ ನೇರ ಗೋಡೆಗೇ ಸಿಕ್ಕಿಸಿ.

ಕುಡ್ಲದ_ಕಾವಲಿ
ಹಾಗಾದ್ರೆ ಮನೆಯಿಂದಲೇ ಮೊಸರನ್ನ ತರುದು ಒಳ್ಳೆದು.

ಡಲ್ಲಾಸ್_ಗೌರಿ
ಡಬ್ಬಿ ಊಟವೇ. ಈಗ ಚರ್ಚ್ ಬಗ್ಗೆ ಹೇಳಿ ಪ್ಲೀಸ್. ಅಲ್ಲಿ ಆಗಲೇ ಸಂಡೇ ಸ್ಕೂಲ್ ನಡೀತಿದೆಯಲ್ಲ, ಕೋಡ್ ಎಲ್ಲಾ ಸರಿ ಇರಬೇಕಲ್ವಾ?

ನಕ್ಷೆಗಾರ
ಸರಿ ಇರುತ್ತೆ, ಸಂಡೇ ಸ್ಕೂಲ್‌ಗೆ. ಆರಾಧನಾ ಸ್ಥಳಕ್ಕೆ ಸೇರಿದ ಧಾರ್ಮಿಕ ಪಾಠದ ಕೋಣೆ, ಒಂದೊಂದರಲ್ಲೂ 100ಕ್ಕಿಂತ ಕಡಿಮೆ ಜನ ಇದ್ರೆ ಐಬಿಸಿ ಅದನ್ನ ಗ್ರೂಪ್ ಇ ಅನ್ನಲ್ಲ, ಎ-3 ಅಂದ್ರೆ ಜನ ಸೇರೋ ಜಾಗ ಅನ್ನುತ್ತೆ. ವಾರದ ನಡುವೆ ಗಣಿತ, ವಿಜ್ಞಾನ ಹೇಳಿಕೊಡೋದು ಧಾರ್ಮಿಕ ಪಾಠ ಅಲ್ಲ. ಕೆಲವು ಇನ್‌ಸ್ಪೆಕ್ಟರ್‌ಗಳು "ಸಣ್ಣ ಗುಂಪು, ಪರವಾಗಿಲ್ಲ" ಅಂತಾರೆ, ಕೆಲವರು ಬಳಕೆ ಬದಲಾಗಿದೆ ಅಂತಾರೆ. ನಿಮಗೆ 2021ರ ಕಾನೂನು ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ.

ಅದೃಷ್ಟಕ್ಕೆ ಗ್ರೂಪ್ ಇ ಅಂತಲೇ ಹಿಡಿದ್ರೂ 17 ಜನಕ್ಕೆ ದುಬಾರಿ ಸಾಮಾನು ಬರಲ್ಲ. ಐಬಿಸಿಯ ಈಚಿನ ಆವೃತ್ತಿಗಳಲ್ಲಿ 50 ಜನರವರೆಗೆ ಫೈರ್ ಅಲಾರ್ಮ್ ವ್ಯವಸ್ಥೆ ಕಡ್ಡಾಯ ಅಲ್ಲ. ಬಾಗಿಲಿಗೆ ಪ್ಯಾನಿಕ್ ಬಾರ್ (ತಳ್ಳಿದ್ರೆ ಬಾಗಿಲು ತೆರೆಯೋ ಅಡ್ಡ ಕಂಬಿ) ಬೇಕಾಗೋದು 50ರಿಂದ. ಸ್ಪ್ರಿಂಕ್ಲರ್ 12,000 ಚದರ ಅಡಿ ಮೀರಿದ್ರೆ. ನಿಮ್ಮ ಸಿಟಿ ತಿದ್ದುಪಡಿ ಮಾಡಿ ಈ ಅಂಕಿ ಇಳಿಸಿರಬಹುದು, ಅದೊಂದು ನೋಡಿಕೊಳ್ಳಿ.

ಫೈರ್_ಪ್ಲಗ್
ಚರ್ಚ್‌ನಲ್ಲಿ ನಾನು ಮೊದಲು ನೋಡೋದು ಮುಂಬಾಗಿಲು. ಆರಾಧನಾ ಸ್ಥಳಗಳಿಗೆ ಒಂದು ರಿಯಾಯಿತಿ ಇದೆ: ಮುಖ್ಯ ಬಾಗಿಲಿಗೆ ಒಳಗಿಂದಲೂ ಬೀಗದ ಕೈ ಬೇಕಾಗೋ ಲಾಕ್ ಹಾಕಬಹುದು, ಜನ ಇರೋವಾಗ ತೆಗೆದಿಟ್ಟಿರಬೇಕು, ಹಾಗಂತ ಪಕ್ಕದಲ್ಲಿ ಬೋರ್ಡ್ ಇರಬೇಕು. ಭಾನುವಾರ ತೆಗೆದಿರುತ್ತೆ. ಮಂಗಳವಾರ? ಕೇರ್‌ಟೇಕರ್ ಪಾರ್ಕಿಂಗ್ ಕಡೆಯ ಪಕ್ಕದ ಬಾಗಿಲು ಒಂದನ್ನೇ ತೆಗೆದು ಹೋಗ್ತಾನೆ. ನಕ್ಷೇಲಿ ಎರಡು ಎಕ್ಸಿಟ್, ನಿಜದಲ್ಲಿ ಒಂದು. ಎಕ್ಸಿಟ್ ಬೋರ್ಡ್ ಕೆಂಪಗೆ ಉರೀತಾ ಮಕ್ಕಳನ್ನ ಬೀಗ ಹಾಕಿದ ಬಾಗಿಲಿಗೆ ಕರೆದೊಯ್ಯುತ್ತೆ.

ಅದಕ್ಕೇ ಹೋದ ತಕ್ಷಣ ಎರಡೂ ಬಾಗಿಲನ್ನ ಒಳಗಿಂದ ತಳ್ಳಿ ನೋಡೋದು ಒಬ್ಬರ ಕೆಲಸ ಅಂತ ಬರೆದಿಡಿ. ಇನ್ನೊಬ್ಬರು ಎಕ್ಸ್‌ಟಿಂಗ್ವಿಷರ್ ಮುಳ್ಳು ಹಸಿರಲ್ಲಿದೆಯಾ, ಪಿನ್ ಇದೆಯಾ, ಟ್ಯಾಗ್ ಒಂದು ವರ್ಷದ ಒಳಗಿನದಾ ನೋಡಲಿ. ಎಮರ್ಜೆನ್ಸಿ ಲೈಟಿನ ಬಟನ್ ತಿಂಗಳಿಗೊಮ್ಮೆ 30 ಸೆಕೆಂಡ್ ಒತ್ತಿ ಹಿಡೀಬೇಕು. ಸುಮ್ಮನೆ ತಟ್ಟಿ ಬಿಟ್ರೆ ಸತ್ತ ಬ್ಯಾಟರಿಯೂ ಒಂದು ಕ್ಷಣ ಮಿನುಗುತ್ತೆ.

ರ‍್ಯಾಲಿ_ರಾಯ
ಗೋಡೆ ಮೇಲೆ ಚಿತ್ರ ಅಂಟಿಸೋದಕ್ಕೂ ಲೆಕ್ಕ ಇದೆ. ಕೋಣೆ ಗೋಡೇಲಿ ಅರ್ಧದಷ್ಟು, ಕಾರಿಡಾರ್‌ನಲ್ಲಿ 20% ಮಾತ್ರ.

ಜಯನಗರ_4ನೇ_ಬ್ಲಾಕ್
ಅ ಆ ಇ ಈ ಚಾರ್ಟ್ ಹಾಕೋಕೂ ಪರ್ಸೆಂಟೇಜಾ ಗುರುವೇ!

ಫೈರ್_ಪ್ಲಗ್
ಕಾಗದ ಗೋಡೆ ತುಂಬ ಇದ್ರೆ ಬೆಂಕಿ ಕಾರಿಡಾರ್ ಉದ್ದಕ್ಕೂ ಓಡುತ್ತೆ, ಅದಕ್ಕೆ. ನವರಾತ್ರಿಗೆ ಸರಸ್ವತಿ ಪೂಜೆ ಮಾಡೋರು ಬ್ಯಾಟರಿ ದೀಪ ಇಡಿ. ಎಣ್ಣೆ ದೀಪವೇ ಬೇಕು ಅಂದ್ರೆ ಚರ್ಚ್‌ನೋರ ಒಪ್ಪಿಗೆ ತಗೊಂಡು, ಅಗಲದ ಹಿತ್ತಾಳೆ ತಟ್ಟೇಲಿ, ಸುತ್ತ ಮೂರಡಿ ಕಾಗದ, ಪರದೆ ಇಲ್ಲದ ಕಡೆ ಇಡಿ, ಆರೋವರೆಗೂ ಒಬ್ಬರು ಪಕ್ಕದಲ್ಲಿರಲಿ. ಕರ್ಪೂರ ಹೊರಗೆ. ಸ್ಮೋಕ್ ಡಿಟೆಕ್ಟರ್‌ಗೆ ಭಕ್ತಿ ಗೊತ್ತಾಗಲ್ಲ.

ಹುಬ್ಬಳ್ಳಿ_ಹಮ್ಮೀರ
ಇಷ್ಟೆಲ್ಲಾ ಮಾಡ್ಕೊಂಡು ಫೈರ್ ಮಾರ್ಷಲ್‌ಗೆ ಕೇಳಾಕ ಹೋಗಬ್ಯಾಡ್ರಿ ಅಕ್ಕಾರ. ಕೇಳಿದ್ರ ಇಲ್ಲ ಅಂತಾನ. ಸುಮ್ನ ಮಾಡ್ರಿ.

ನಕ್ಷೆಗಾರ
ಬಾಗಿಲು, ಅಲಾರ್ಮ್ ಎಲ್ಲಾ ಸರಿ ಮಾಡಿಕೊಂಡೋರಿಗೆ ಕೇಳೋಕೆ ಏನು ಭಯ? ಕೇಳೋ ರೀತೀಲಿ ಕೇಳಬೇಕು ಅಷ್ಟೇ. "ಹೋಮ್‌ಸ್ಕೂಲ್ ಮಾಡಬಹುದಾ" ಅಂತ ಕೇಳಿದ್ರೆ ಅವರಿಗೆ ಅದು ಸಂಬಂಧ ಇಲ್ಲದ ಪ್ರಶ್ನೆ. ಮೊದಲು ಚರ್ಚ್‌ನಿಂದ ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ (ಕಟ್ಟಡ ಯಾವ ಬಳಕೆಗೆ ಅಂತ ಸಿಟಿ ಕೊಟ್ಟಿರೋ ಪತ್ರ) ಪ್ರತಿ ತಗೊಳ್ಳಿ, ಅದರಲ್ಲಿ ಗ್ರೂಪ್ ಯಾವುದು ಅಂತ ಬರೆದಿರುತ್ತೆ. ಆಮೇಲೆ ಫೈರ್ ಪ್ರಿವೆನ್ಷನ್ ವಿಭಾಗಕ್ಕೆ ಇಮೇಲ್: ಕಟ್ಟಡದ ವಿಳಾಸ, ಯಾವ ಕೋಣೆ, ಯಾವ ಮಹಡಿ, 14 ಮಕ್ಕಳು 3 ದೊಡ್ಡವರು, ವಯಸ್ಸು, ದಿನ, ಗಂಟೆ, ಅಡುಗೆ ಇಲ್ಲ, ರಾತ್ರಿ ತಂಗೋದಿಲ್ಲ, ಎಸ್‌ಬಿ 1955 ಪ್ರಕಾರದ ಪಾಡ್. ಕೊನೇಲಿ ಒಂದೇ ಪ್ರಶ್ನೆ: ಈ ಬಳಕೆಗೆ ಈಗಿರೋ ಆಕ್ಯುಪೆನ್ಸಿ ಸಾಕಾ? ಫೋನಲ್ಲಿ ಬೇಡ. ಇನ್‌ಸ್ಪೆಕ್ಟರ್ ಬದಲಾದ ದಿನ ಫೋನ್ ಮಾತು ಯಾರಿಗೂ ನೆನಪಿರಲ್ಲ.

ಸಿಟಿ ಗಡಿ ಹೊರಗಿದ್ರೆ ಕೌಂಟಿಗೆ. ಎರಡೂವರೆ ಲಕ್ಷ ಜನಸಂಖ್ಯೆ ದಾಟಿದ ಕೌಂಟಿ, ಅದರ ಅಕ್ಕಪಕ್ಕದ ಕೌಂಟಿಗಳಿಗೆ ಮಾತ್ರ ಟೆಕ್ಸಾಸ್‌ನಲ್ಲಿ ಫೈರ್ ಕೋಡ್ ಮಾಡೋ ಅಧಿಕಾರ.

ಅಟ್ಲಾಂಟಾ_ಅರಳೀಕಟ್ಟೆ
ಡ್ರಿಲ್ ಮರೀಬೇಡಿ. ಶಾಲೆಗಳಿಗೆ ತಿಂಗಳಿಗೊಂದು, ಮೊದಲನೇದು ಶುರುವಾದ 10 ದಿನದ ಒಳಗೆ. ಹಾಜರಿ ಪಟ್ಟಿ ಕಾಗದದ ಮೇಲೆ ಬಾಗಿಲ ಪಕ್ಕ ನೇತುಹಾಕಿ. ಫೋನಲ್ಲಿ ಇದ್ರೆ ಆ ಫೋನ್ ಒಳಗಡೆ ಚಾರ್ಜ್‌ಗೆ ಹಾಕಿರ್ತಾರೆ.

ಡಲ್ಲಾಸ್_ಗೌರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ, 9ರಿಂದ 12:20, ಚರ್ಚ್‌ನ ನೆಲಮಹಡಿ ಕೋಣೆ ಅಂತ ಗುಂಪಲ್ಲಿ ಹಾಕಿದೀನಿ. ಸರ್ಟಿಫಿಕೇಟ್ ಪ್ರತಿ ಕೇಳಿದೀವಿ, ಇಮೇಲ್ ಬರೀತಿದೀನಿ. ಒಂದು ಸಣ್ಣ ಡೌಟು: ಆ ಕೋಣೆ ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಇದೆ, ಸಣ್ಣ ಮಕ್ಕಳು ಓಡಿಹೋಗದೆ ಇರಲಿ ಅಂತ ಅವರು ಹಾಕ್ಸಿರೋದಂತೆ. ಅದು ಇರಬಹುದಾ?

ಫೈರ್_ಪ್ಲಗ್
ಬಿಚ್ಚಿಸಿ. ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಓಡಿಹೋಗ್ತಾರೆ ಅನ್ನೋ ಭಯ ಇದ್ರೆ ಬಾಗಿಲು ತೆಗೆದಾಗ ಕೂಗೋ ಬ್ಯಾಟರಿ ಬೆಲ್ ಹಾಕಿ.